ತೂಬಿನ ಮನೆಯ ಬೀಗಮುದ್ರೆ

ಕೋರ್ಟಿನ ಕಾಗದ ಹಿಡಿದು ಬಂದವರನ್ನು ಯಾರೂ ಒಳಗೆ ಬನ್ನಿ ಅನ್ನುವುದಿಲ್ಲ. ನಾಯಿಯನ್ನು ಕಟ್ಟುವುದಕ್ಕೂ ಬೇಕೆಂದೇ ತಡಮಾಡುತ್ತಾರೆ. ಆದರೆ ಈಕೆಯ ವಿಷಯದಲ್ಲಿ ಹಾಗಾಗುತ್ತಿರಲಿಲ್ಲ. ಬಾಗಿಲಲ್ಲಿ ಮುಖ ಸಿಂಡರಿಸಿದವರೂ ಎರಡು ಮಾತಾಡುವಷ್ಟರಲ್ಲಿ ಕುರ್ಚಿ ಎಳೆದು ಹಾಕಿ, "ನೀನೇ ಓದಿ ಹೇಳಕ್ಕ, ಇದರಲ್ಲಿ ಏನು ಸುಡುಗಾಡು ಬರೆದಿದಾರೆ" ಅನ್ನುತ್ತಿದ್ದರು. ಅವಳು ಕನ್ನಡಕ ಏರಿಸಿ ಓದಿ, ಅರ್ಥವನ್ನು ಮನೆಮಾತಿನಲ್ಲಿ ಬಿಡಿಸಿ, ಹೆದರಿದವರಿಗೆ ಒಂದು ಧೈರ್ಯದ ಮಾತು ಹೇಳಿ, ಆಮೇಲೆ ಸಹಿ ಹಾಕಿಸಿಕೊಳ್ಳುತ್ತಿದ್ದಳು.

ಗಂಡ ಅದೇ ಕೋರ್ಟಿನಲ್ಲಿ ಅಮೀನನಾಗಿದ್ದ. ಸಮನ್ಸು ಮುಟ್ಟಿಸುವುದು, ಜಪ್ತಿ ಮಾಡುವುದು, ಕೋರ್ಟು ಹೇಳಿದ ಬಾಗಿಲಿಗೆ ಬೀಗ ಹಾಕಿ ಮುದ್ರೆ ಒತ್ತುವುದು ಅವನ ಕೆಲಸ. ಅವನು ತೀರಿಕೊಂಡ ಮೇಲೆ ಕೆಲಸ ಅವಳಿಗೆ ಬಂತು. "ನನ್ನ ಮಗ ಸತ್ತರೂ ನೌಕರಿ ಬಿಟ್ಟಿಲ್ಲ, ಸೊಸೆ ಕೈಲಿ ಮಾಡಿಸ್ತಿದಾನೆ" ಎಂದು ಅತ್ತೆ ನೆರೆಮನೆಯವರ ಮುಂದೆ ನಗುತ್ತಿದ್ದಳು. ಅವಳ ಸ್ವಂತ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು. ಊರಿಗೆಲ್ಲ ಅವಳು ಸಮನ್ಸಕ್ಕ.

ಅವಳಿಗೆ ಆ ಕೆಲಸದಲ್ಲಿ ತುಂಬ ಇಷ್ಟವಾದದ್ದು ಮುದ್ರೆ ಒತ್ತುವುದು. ಬಟ್ಟೆಯ ಚೀಲದಲ್ಲಿ ಕೆಂಪು ಅರಗಿನ ಕಡ್ಡಿ, ಮೇಣದಬತ್ತಿ, ಹಿತ್ತಾಳೆಯ ಮುದ್ರೆ ಇರುತ್ತಿದ್ದವು. ಬೀಗಕ್ಕೆ ಸುತ್ತಿದ ದಾರದ ಗಂಟಿನ ಮೇಲೆ ಅರಗು ಕರಗಿಸಿ, ಉಸಿರು ಬಿಗಿಹಿಡಿದು ಒತ್ತುತ್ತಿದ್ದಳು. ಎಂಥ ಪುಂಡನೂ ಆ ಬೆರಳಗಲದ ಕೆಂಪು ಚುಕ್ಕೆಯನ್ನು ಮುಟ್ಟಲು ಹೆದರುತ್ತಾನೆ ಎಂಬುದು ಅವಳಿಗೆ ಪ್ರತಿಸಲವೂ ಬೆರಗು ಹುಟ್ಟಿಸುತ್ತಿತ್ತು.

ಹೊಳೆಯ ಕೇಸು ಅವಳ ನೌಕರಿಗಿಂತ ಹಳೆಯದು. ಹೊಳೆಯ ಮೇಲ್ಗಡೆ ಅಣೆಕಟ್ಟು, ಅದರ ಬುಡದಲ್ಲಿ ವಿದ್ಯುತ್ ಕಂಪನಿಯ ಪವರ್‌ಹೌಸ್. ಅಲ್ಲಿಂದ ಇಳಿದು ಬಂದ ನೀರಿಗೆ ಅಡ್ಡಲಾಗಿ ಹಳೆಯ ಕಲ್ಲಿನ ಒಡ್ಡು. ಒಡ್ಡಿನ ಪಕ್ಕದ ತೂಬಿನಿಂದ ರೈತರ ಕಾಲುವೆ. ಇನ್ನೂ ಕೆಳಗೆ ಊರು, ಹೊಳೆಯಂಚಿನಲ್ಲೇ ಊರಿಗೆ ಕುಡಿಯುವ ನೀರೆತ್ತುವ ಬಾವಿ. ನೀರು ಸಾಕಷ್ಟಿದ್ದ ವರ್ಷ ಈ ಮೂವರೂ ಬೀಗರ ಹಾಗೆ ಇರುತ್ತಿದ್ದರು. ಇಲ್ಲದ ವರ್ಷ ವಕೀಲರಿಗೆ ಸುಗ್ಗಿ. ಯಾರಿಗೆ ಮೊದಲು ಎಂಬುದೊಂದೇ ಪ್ರಶ್ನೆ. ಅದಕ್ಕೆ ಉತ್ತರ ಕೊಡುವ ಮೊದಲೇ ನ್ಯಾಯಾಧೀಶರು ವರ್ಗವಾಗಿ ಹೋಗುತ್ತಿದ್ದರು.

ಆ ಬೇಸಿಗೆಯಲ್ಲಿ ಮಾತ್ರ ಉತ್ತರ ಬಂತು. ಊರಿನ ನಲ್ಲಿಗಳಲ್ಲಿ ಗಾಳಿ ಬಿಟ್ಟರೆ ಬೇರೇನೂ ಬಾರದಿದ್ದಾಗ ಕೋರ್ಟು ಮಧ್ಯಂತರ ಆದೇಶ ಹೊರಡಿಸಿತು. ಮೊದಲು ಕುಡಿಯುವ ನೀರು, ಆಮೇಲೆ ಬೇಸಾಯ, ಕೊನೆಗೆ ವಿದ್ಯುತ್ತು. ಊರಿನ ಬಾವಿಗೆ ಬೇಕಾದಷ್ಟು ನೀರನ್ನು ಕಂಪನಿ ದಿನವೂ ಹೊಳೆಗೆ ಬಿಡಬೇಕು. ಆ ನೀರು ದಾರಿಯಲ್ಲಿ ಕಾಲುವೆಗೆ ತಿರುಗದಂತೆ ತೂಬನ್ನು ಇಳಿಸಿ, ತೂಬನ್ನೂ ಅದರ ಕಟ್ಟಡವನ್ನೂ ಮುಂದಿನ ಆದೇಶದವರೆಗೆ ಬೀಗಮುದ್ರೆಯಲ್ಲಿಡಬೇಕು.

ಆದೇಶವನ್ನು ಮುಟ್ಟಿಸಬೇಕಾಗಿದ್ದು ಕಾಲುವೆ ಸಂಘದ ಅಧ್ಯಕ್ಷರಿಗೆ. ಅಧ್ಯಕ್ಷರೆಂದರೆ ಅವಳ ಒಡಹುಟ್ಟಿದ ಅಣ್ಣ. ತಂದೆ ಹೋದ ಮೇಲೆ ಅವಳನ್ನು ಓದಿಸಿದವನು, ಮದುವೆ ಮಾಡಿಕೊಟ್ಟವನು, ಗಂಡ ಸತ್ತ ದಿನ ಮೊದಲು ಬಂದು ಬಾಗಿಲಲ್ಲಿ ನಿಂತವನು ಅವನೇ.

"ಬೇರೆಯವರನ್ನ ಕಳಿಸಿ ಸಾರ್, ಅದು ನಮ್ಮಣ್ಣನ ಮನೆ" ಎಂದು ಅವಳು ಶಿರಸ್ತೇದಾರನನ್ನು ಕೇಳಿಕೊಂಡಳು. ಕೋರ್ಟಿನ ಕಚೇರಿಯನ್ನು ನಡೆಸುವ ಆ ಮನುಷ್ಯ ಕಡತದಿಂದ ತಲೆ ಎತ್ತಲಿಲ್ಲ.

"ಇನ್ನೊಬ್ಬ ಅಮೀನನಿಗೆ ಮಂಡಿ ನೋವಂತೆ. ಕಾಗದಕ್ಕೆ ಅಣ್ಣ ತಮ್ಮ ಇರಲ್ಲಮ್ಮ. ಹೋಗಿ ಬಾ."

ಅಣ್ಣ ಕಾಗದ ಓದಿದ. ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಅನ್ನಿಸಿತು. ಒಳಗಿನಿಂದ ಅತ್ತಿಗೆ ತಂದ ನೀರಿನ ಲೋಟವನ್ನು ತಾನೇ ತೆಗೆದುಕೊಂಡು ತಂಗಿಯ ಮುಂದಿಟ್ಟ.

"ಕುಡಿ. ಮೊದಲು ಕುಡಿಯೋ ನೀರಂತಲ್ಲ, ಕೋರ್ಟೇ ಹೇಳಿದೆ."

"ಅಣ್ಣಾ, ನಾನೇನು ಬರೆದದ್ದಲ್ಲ ಅದು."

"ಗೊತ್ತು ಕಣಮ್ಮ. ಬರೆದೋರು ಬಂದಿದ್ರೆ ಹೊರಗೇ ನಿಲ್ಲಿಸ್ತಿದ್ದೆ. ತಂಗಿ ಬಂದಿದಾಳೆ, ಏನು ಮಾಡ್ಲಿ?" ಸಹಿ ಹಾಕಿ ಕಾಗದವನ್ನು ಅವಳತ್ತ ಸರಿಸಿದ. "ಇದೊಂದು ಸಲ. ಇನ್ನೊಂದು ಸಲ ಕಾಗದ ಹಿಡ್ಕೊಂಡು ಈ ಕಡೆ ಬರ್ಬೇಡ. ಬಂದ್ರೆ ನಾನು ಯಾರನ್ನ ನೋಡ್ತೀನೋ ನನಗೇ ಗೊತ್ತಿಲ್ಲ."

ಅಲ್ಲಿಂದ ಅಣ್ಣ, ಅವಳು, ಸುದ್ದಿ ಕೇಳಿ ಸೇರಿದ್ದ ರೈತರು ಎಲ್ಲರೂ ತೂಬಿಗೆ ಹೋದರು. ಒಡ್ಡಿನ ಮೂಲೆಯಲ್ಲಿ, ಹೊಳೆಗೆ ಮುಖಮಾಡಿ ಒಂದೇ ಕೋಣೆಯ ಕಟ್ಟಡ. ಅದನ್ನು ತೂಬಿನ ಮನೆ ಅನ್ನುತ್ತಿದ್ದರು. ಹೊಲಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿ ಹಗಲೆಲ್ಲ ಅಲ್ಲೇ ಇರುತ್ತಿದ್ದ. ಒಳಗೆ ಒಂದು ಮಂಚ, ಗೋಡೆಗೆ ಟೆಲಿಫೋನು, ಕಿಟಕಿಯ ಸರಳುಗಳಿಗೆ ಬಾಯಿಟ್ಟು ನಿಂತ ಕಬ್ಬಿಣದ ಸೈರನ್ನು. ಹಿಡಿಕೆ ತಿರುಗಿಸಿದರೆ ಕೂಗುವ ಹಳೆಯ ಕಾಲದ್ದು. ರೈತರು ಕೈಕಟ್ಟಿ ಸುತ್ತ ನಿಂತಿದ್ದರು. ನೀರುಗಂಟಿ ತೂಬನ್ನು ಇಳಿಸಿದ. ಹಲಗೆ ತಳ ಮುಟ್ಟಿದ ಸದ್ದಿಗೆ ಯಾರೋ ಒಬ್ಬರು ಉಗುಳಿದರು. ಆಮೇಲೆ ನೀರುಗಂಟಿ ತನ್ನ ಹಾಸಿಗೆ ಸುರುಳಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಗೆ ಬಂದ.

"ಅಕ್ಕಾ, ಒಳಗೆ ಆ ಸೈರನ್ನು..." ಎಂದು ಶುರುಮಾಡಿದ.

"ಸುಮ್ಮನಿರಯ್ಯ" ಎಂದ ಅಣ್ಣ. "ಕೋರ್ಟು ಬೀಗ ಹಾಕು ಅಂದಿದೆ. ಪೂರ್ತಿ ಹಾಕ್ಲಿ. ಅರ್ಧಂಬರ್ಧ ಯಾಕೆ?"

ಅವಳು ಬೀಗ ಹಾಕಿದಳು. ಗಾಳಿಗೆ ಮೇಣದಬತ್ತಿ ಮತ್ತೆ ಮತ್ತೆ ಆರಿಹೋಗುತ್ತಿತ್ತು. ಒಬ್ಬರೂ ಅಡ್ಡ ಕೈ ಹಿಡಿಯಲಿಲ್ಲ. ಕೊನೆಗೆ ತನ್ನ ಸೆರಗನ್ನೇ ಮರೆಮಾಡಿ ಅರಗು ಕರಗಿಸಿ ಮುದ್ರೆ ಒತ್ತಿದಳು.

ಕಂಪನಿ ಆದೇಶವನ್ನು ಚಾಚೂ ತಪ್ಪದೆ ಪಾಲಿಸಿತು. ದಿನವೂ ನೀರು ಬಿಡಬೇಕೆಂದು ಬರೆದಿತ್ತು. ಯಾವ ಹೊತ್ತಿನಲ್ಲಿ ಎಂದು ಬರೆದಿರಲಿಲ್ಲ. ಕಂಪನಿ ಹಗಲೆಲ್ಲ ನೀರನ್ನು ತಡೆದಿಟ್ಟು, ಮನೆಮನೆಗಳಲ್ಲಿ ದೀಪ ಹತ್ತಿ ಕರೆಂಟಿಗೆ ಬೇಡಿಕೆ ಏರುವ ಮುಸ್ಸಂಜೆಯ ಹೊತ್ತಿಗೆ ಒಂದೇ ಬಾರಿಗೆ ಬಿಡತೊಡಗಿತು. ಊರಿನ ಬಾವಿ ತುಂಬಿತು. ನಲ್ಲಿಗಳು ಕೆಮ್ಮಿ, ಕೆಂಪು ನೀರು ಕಾರಿ, ಆಮೇಲೆ ತಿಳಿಯಾದವು. ಸಮನ್ಸಕ್ಕ ಬೀದಿಯಲ್ಲಿ ಹೋದರೆ ಹೆಂಗಸರು ಕೊಡ ಇಳಿಸಿ ನಕ್ಕರು. ಅತ್ತೆಗೂ ಸೊಸೆಯ ಮೇಲೆ ಒಂದು ವಾರ ಪ್ರೀತಿ ಉಕ್ಕಿತು.

ಹೊಳೆ ಮಾತ್ರ ಹೊಳೆಯಾಗಿ ಉಳಿಯಲಿಲ್ಲ. ಬೆಳಗಿನಿಂದ ಸಂಜೆವರೆಗೆ ಬರೀ ಮರಳು, ಪಾಚಿ ಒಣಗಿ ಕಪ್ಪಾದ ಬಂಡೆಗಳು, ಮಡುಗಳಲ್ಲಿ ಬಾಯಿ ಬಿಡುತ್ತಿದ್ದ ಮೀನುಗಳು. ಮೊದಲ ದಿನಗಳಲ್ಲಿ ಸಂಜೆಯ ನೀರು ಒಣಹಾಕಿದ ಬಟ್ಟೆಗಳನ್ನು ಹೊತ್ತೊಯ್ದಿತು. ಒಂದು ದಿನ ಕಟ್ಟಿಹಾಕಿದ್ದ ಕರುವನ್ನು ಎಳೆದೊಯ್ದಿತು. ಹಗ್ಗ ಗೂಟದಲ್ಲೇ ಇತ್ತು. ಹಕ್ಕಿಗಳು ಬೇಗ ಕಲಿತವು. ಹೊತ್ತು ಇಳಿಯುವ ಮೊದಲೇ ಮರಳಿನಿಂದ ಎದ್ದು ದಡದ ಮರಗಳಲ್ಲಿ ಕೂತು, ಮೇಲ್ಗಡೆಗೆ ಕತ್ತು ತಿರುಗಿಸಿಕೊಂಡು ಸುಮ್ಮನೆ ಕಾಯುತ್ತಿದ್ದವು.

ಮನುಷ್ಯರೂ ಕಲಿತರು. ಹೊಲಗಳು ಕಣ್ಣೆದುರೇ ಬಾಡುತ್ತಿದ್ದವು. ಅಣ್ಣನೂ ಕಾಲುವೆಯ ಉಳಿದ ರೈತರೂ ಒಡ್ಡಿನ ಕೆಳಗೆ, ಹೊಳೆಯ ಒಡಲಲ್ಲೇ ಒರತೆಗುಂಡಿ ತೋಡಿ, ಡೀಸೆಲ್ ಪಂಪು ಇಳಿಸಿ, ಹಗಲೆಲ್ಲ ನೀರೆತ್ತಿ ಹೊಲಕ್ಕೆ ಹರಿಸತೊಡಗಿದರು. ಸಂಜೆಯ ನೀರು ಬರುವ ಮುಂಚೆ ಪಂಪನ್ನು ದಡಕ್ಕೆ ಎಳೆದುಕೊಳ್ಳುತ್ತಿದ್ದರು. ಪಂಪುಗಳನ್ನು ನೋಡಿಕೊಳ್ಳಲು ಊರಿನಿಂದ ಒಬ್ಬ ಮೇಸ್ತ್ರಿ ಬರುತ್ತಿದ್ದ. ಕೈಯೆಲ್ಲ ಗ್ರೀಸು, ಬಾಯಿ ತುಂಬ ತಮಾಷೆ. ಅವನಿಗೆ ಹೊಲವೂ ಇರಲಿಲ್ಲ, ಕೇಸೂ ಇರಲಿಲ್ಲ. "ಹೊಳೆಗೀಗ ಕಂಪನೀಲಿ ನೌಕರಿ ಸಿಕ್ಕಿದೆ ಕಣಕ್ಕ. ಹೊತ್ತಿಗೆ ಸರಿಯಾಗಿ ಬರತ್ತೆ, ಹೊತ್ತಿಗೆ ಸರಿಯಾಗಿ ಹೋಗತ್ತೆ. ನಮ್ಮಂಥ ಸೋಮಾರಿಗಳೇ ಅದನ್ನ ನೋಡಿ ಕಲೀಬೇಕು" ಎಂದು ಅವನು ಒಮ್ಮೆ ಅವಳಿಗೆ ದಾರಿಯಲ್ಲಿ ಸಿಕ್ಕಾಗ ಹೇಳಿದ್ದ. ಅವಳೂ ನಕ್ಕಿದ್ದಳು.

ನಗು ನಿಂತದ್ದು ಪವರ್‌ಹೌಸಿನಲ್ಲಿ. ಯಾವುದೋ ನೋಟಿಸು ಕೊಡಲು ಹೋಗಿದ್ದಳು. ನೆಲ ಸದಾ ಸಣ್ಣಗೆ ನಡುಗುವ ಕಟ್ಟಡ ಅದು. ಮೇಜಿನ ಮೇಲಿನ ಲೋಟದಲ್ಲಿ ನೀರು ತನ್ನಷ್ಟಕ್ಕೆ ಬಳೆ ಬಳೆಯಾಗಿ ಅಲುಗುತ್ತಿತ್ತು. ಪಾಳಿಯ ಎಂಜಿನಿಯರು ಸಂಭಾವಿತ ಮನುಷ್ಯ, ಅವಳಿಗೆ ಚಹಾ ತರಿಸಿದ.

"ನಿಮ್ಮ ಕಡೆಯೋರಿಗೆ ಒಂದು ಮಾತು ಹೇಳಿ ಮೇಡಂ. ನೀರು ಬಿಡೋಕೆ ಮುಂಚೆ ತೂಬಿನ ಮನೆಗೆ ನಾವು ದಿನಾ ಫೋನ್ ಮಾಡ್ತೀವಿ. ಅಲ್ಲಿರೋನು ಎತ್ತಿ, ಸೈರನ್ ತಿರುಗಿಸ್ಬೇಕು. ಅದು ಹಳೇ ಪದ್ಧತಿ. ಈಗ ಯಾರೂ ಎತ್ತೋದೇ ಇಲ್ಲ."

ಅವಳು ಚಹಾದ ಲೋಟವನ್ನು ಕೆಳಗಿಟ್ಟಳು. "ಅಲ್ಲಿ ಯಾರೂ ಇಲ್ಲ ಸಾರ್. ಬೀಗ ಹಾಕಿದೆ. ನಾನೇ ಹಾಕಿದ್ದು."

"ಹೌದಾ?" ಎಂಜಿನಿಯರು ಸ್ವಲ್ಪ ಯೋಚಿಸಿದ. "ಆದ್ರೂ ನಾವು ಮಾಡ್ತೀವಿ. ನಮ್ಮ ಕೆಲಸ ನಾವು ಮಾಡ್ಬೇಕಲ್ಲ."

ಅಂದರೆ ದಿನಾ ಸಂಜೆ, ತಾನು ಮುದ್ರೆ ಒತ್ತಿದ ಬಾಗಿಲ ಹಿಂದೆ, ಖಾಲಿ ಕೋಣೆಯಲ್ಲಿ ಫೋನು ಬಡಿದುಕೊಂಡು ಬಡಿದುಕೊಂಡು ಸುಮ್ಮನಾಗುತ್ತಿದೆ. ಮನೆಗೆ ಬರುವ ದಾರಿಯುದ್ದಕ್ಕೂ ಆ ಸದ್ದು ಅವಳ ಕಿವಿಯಲ್ಲಿತ್ತು. ನೀರುಗಂಟಿ ಅರ್ಧಕ್ಕೆ ನಿಲ್ಲಿಸಿದ ಮಾತು ಈಗ ಪೂರ್ತಿಯಾಯಿತು.

ಮಾರನೆಯ ಬೆಳಿಗ್ಗೆ ಶಿರಸ್ತೇದಾರನ ಮೇಜಿನ ಮುಂದೆ ನಿಂತಳು. "ಸೈರನ್ ಒಂದನ್ನ ಹೊರಗೆ ತೆಗೆದು ಕೊಡೋಕೆ ಅಪ್ಪಣೆ ಮಾಡ್ಸಿ ಸಾರ್."

"ಯಾರು ಮಾಡೋದು? ಸಾಹೇಬರು ಬೇಸಿಗೆ ರಜೆಗೆ ಹೋಗಿದಾರೆ. ರಜೆ ಕೋರ್ಟಿಗೆ ಹೋಗೋಣ ಅಂದ್ರೆ ಅರ್ಜಿ ಬೇಕು. ಅರ್ಜಿ ಹಾಕೋದು ಕಕ್ಷಿದಾರರು. ನೀನು ಕಕ್ಷೀನಾ?"

"ಜೀವ ಹೋಗೋ ವಿಷಯ ಸಾರ್."

"ಹೋಯ್ತಾ?"

"ಇನ್ನೂ ಇಲ್ಲ."

"ಮತ್ತೆ? ಒಂದು ವರದಿ ಬರೆದುಕೊಡು. ರಜೆ ಮುಗಿದ ದಿನ ಎಲ್ಲಕ್ಕಿಂತ ಮೇಲೆ ಇಡ್ತೀನಿ." ಅವನು ಕೆಟ್ಟವನೇನಲ್ಲ. ಕೊಟ್ಟ ಮಾತಿನಂತೆ ಎಲ್ಲಕ್ಕಿಂತ ಮೇಲೆಯೇ ಇಟ್ಟ.

ಕಕ್ಷಿದಾರರ ಮನೆ ಮನೆಗೆ ಹೋಗುವುದೇ ಅವಳ ಕಸುಬಾದ್ದರಿಂದ ಅವಳು ಅವರನ್ನೇ ಕೇಳಲು ಹೊರಟಳು. ಈ ಸಲ ಕೈಯಲ್ಲಿ ಕಾಗದವಿರಲಿಲ್ಲ. ಊರಿನ ನೀರು ಸರಬರಾಜಿನ ಅಧಿಕಾರಿ ಮಾತು ಮುಗಿಯುವ ಮೊದಲೇ ಕೈಮುಗಿದ. "ನಾವು ಈಗ ಕೋರ್ಟಿಗೆ ಹೋಗಿ ಆ ಆದೇಶಾನ ಕೆದಕಿದ್ರೆ, ಎದುರು ಕಡೆಯೋರು ಪೂರ್ತಿ ತೆಗೀರಿ ಅಂತಾರೆ. ನಲ್ಲೀಲಿ ನೀರು ಬರ್ತಿದೆ, ಬರ್ಲಿ ಬಿಡೀಮ್ಮ." ಎಂಜಿನಿಯರು ಕಂಪನಿಯ ವಕೀಲರಿಗೆ ಫೋನು ಮಾಡಿ ಕೇಳಿದ, ಪಾಪ. ಫೋನಿಟ್ಟು, ಮುಖ ಸಪ್ಪೆ ಮಾಡಿ ಹೇಳಿದ: "ನಾವು ಬೇರೆ ಸೈರನ್ ಇಟ್ಟರೆ, ಇಷ್ಟು ದಿನ ಎಚ್ಚರಿಕೆ ಕೊಟ್ಟಿಲ್ಲ ಅಂತ ನಾವೇ ಒಪ್ಪಿಕೊಂಡ ಹಾಗಾಗತ್ತಂತೆ."

ಉಳಿದವನು ಅಣ್ಣ. ಅವನು ಹೊಳೆಯ ದಡದಲ್ಲಿ ಸಿಕ್ಕಿದ, ಮೊಣಕಾಲವರೆಗೆ ಕೆಸರು.

"ಅರ್ಜಿ ಹಾಕ್ತೀನಿ. ಏನಂತ ಬರೀಲಿ? ನಿಮ್ಮ ಆದೇಶ ಮೀರಿ ನಾವು ಹೊಳೇಲಿ ಪಂಪು ಇಟ್ಟಿದೀವಿ, ಮುಳುಗಿ ಹೋಗ್ತೀವಿ, ಕಾಪಾಡಿ ಅಂತಲಾ?"

"ದಡದ ಮೇಲೆ ಒಬ್ಬರನ್ನಾದ್ರೂ ಕಾವಲಿಗೆ ನಿಲ್ಸಣ್ಣ. ನಿನ್ನ ಕಾಲಿಗೆ ಬೀಳ್ತೀನಿ."

"ಹೊಳೆ ಪಕ್ಕ ಹುಟ್ಟಿದೋನು ನಾನು. ಊರು ಸೇರಿದೋಳು ನೀನು. ನೀರು ಯಾವಾಗ ಬರತ್ತೆ ಅಂತ ನನಗೆ ನೀನು ಹೇಳ್ಕೊಡ್ತೀಯಾ? ಸಂಜೆ ಬರತ್ತೆ. ಅದಕ್ಕೆ ಮುಂಚೆ ಹತ್ತುತೀವಿ. ಹೋಗು."

ಅತ್ತಿಗೆ ದಡದವರೆಗೆ ಬಂದು, ತಂದಿದ್ದ ಬುತ್ತಿಯನ್ನು ಇವಳ ಕೈಗೂ ಒಂದಿಷ್ಟು ಹಾಕಿ, ಕಣ್ಣಲ್ಲೇ ಬೇಡ ಎಂಬಂತೆ ತಲೆಯಾಡಿಸಿ ಕಳಿಸಿದಳು.

ಅಷ್ಟರಲ್ಲಿ ಒರತೆಗುಂಡಿಗಳ ಸುದ್ದಿ ಊರಿಗೂ ಮುಟ್ಟಿತ್ತು. ತಮ್ಮ ನೀರನ್ನು ಕದಿಯುತ್ತಿದ್ದಾರೆ ಎಂದು ಊರಿನವರು ಹಾಕಿದ ಅರ್ಜಿಗೆ ರಜೆ ಕೋರ್ಟಿನಿಂದ ಬೇಗನೆ ಉತ್ತರ ಬಂತು. ನ್ಯಾಯಾಂಗ ನಿಂದನೆಯ ನೋಟಿಸು, ಕಾಲುವೆ ಸಂಘದ ಅಧ್ಯಕ್ಷರಿಗೆ, ಕೈಗೇ ಮುಟ್ಟಿಸತಕ್ಕದ್ದು. ಜೊತೆಗೆ ತೂಬಿನ ಮುದ್ರೆ ಸರಿಯಾಗಿದೆಯೇ ಎಂದು ನೋಡಿಕೊಂಡು ಬರಬೇಕು. ಇನ್ನೊಬ್ಬ ಅಮೀನನ ಮಂಡಿ ಇನ್ನೂ ವಾಸಿಯಾಗಿರಲಿಲ್ಲ.

ಅಂದು ಬಿಸಿಲು ಎಂಥದ್ದಿತ್ತೆಂದರೆ ಊರಿನ ಅಂಗಡಿಗಳೆಲ್ಲ ಮಧ್ಯಾಹ್ನಕ್ಕೇ ಬಾಗಿಲೆಳೆದಿದ್ದವು. ಒಳಗಡೆ ಎಲ್ಲರ ಫ್ಯಾನುಗಳೂ ತಿರುಗುತ್ತಿದ್ದವು. ಸಮನ್ಸಕ್ಕ ಒಡ್ಡಿನ ಮೇಲೆ ಸ್ಕೂಟರು ನಿಲ್ಲಿಸಿ ಕೆಳಗೆ ನೋಡಿದಳು. ಹೊಳೆಯ ನಡುವೆ ಪಂಪುಗಳು ಹೊಗೆಯುಗುಳುತ್ತ ಬಡಿದುಕೊಳ್ಳುತ್ತಿದ್ದವು. ಅಣ್ಣ, ಅತ್ತಿಗೆ, ಏಳೆಂಟು ಜನ ರೈತರು. ಮೇಸ್ತ್ರಿ ಅಂಗಿ ಬಿಚ್ಚಿ ತಲೆಗೆ ಸುತ್ತಿಕೊಂಡು ಒಂದು ಗುಂಡಿಯೊಳಗೆ ಸೊಂಟದವರೆಗೆ ಇಳಿದಿದ್ದ. ಮೊದಲು ಮುದ್ರೆ ನೋಡಿಬಿಡೋಣ, ಅಣ್ಣನ ಮುಖ ಆಮೇಲೆ ನೋಡಿದರಾಯಿತು ಎಂದುಕೊಂಡು ಅವಳು ತೂಬಿನ ಮನೆಯ ಬಾಗಿಲಿಗೆ ನಡೆದಳು. ಬಿಸಿಲಿಗೆ ಅರಗು ಸ್ವಲ್ಪ ಮೆತ್ತಗಾಗಿತ್ತು, ಆದರೆ ಮುದ್ರೆಯ ಗುರುತು ಸ್ಪಷ್ಟವಾಗಿತ್ತು.

ಆಗ ಒಳಗಡೆ ಫೋನು ಬಡಿಯಿತು.

ಒಂದು ಕ್ಷಣ ಅವಳಿಗೆ ಅದು ತನ್ನ ತಲೆಯೊಳಗಿನ ಸದ್ದೇ ಅನ್ನಿಸಿತು. ಮೇಲೆ ನೋಡಿದಳು, ಸೂರ್ಯ ಇನ್ನೂ ನೆತ್ತಿಯಿಂದ ಹೆಚ್ಚು ಜಾರಿರಲಿಲ್ಲ. ಫೋನು ಬಡಿಯುತ್ತಲೇ ಇತ್ತು. ದಡದ ಮರಗಳಲ್ಲಿ ಒಂದು ಹಕ್ಕಿಯೂ ಇರಲಿಲ್ಲ. ಎಲ್ಲವೂ ಮರಳಿನ ಮೇಲೇ ಇದ್ದವು.

ಅವಳು ಒಡ್ಡಿನ ಅಂಚಿಗೆ ಓಡಿ ಕಿರುಚಿದಳು. ಪಂಪುಗಳ ಅಬ್ಬರದಲ್ಲಿ ಅವಳ ಕೂಗು ಅವಳಿಗೇ ಕೇಳಿಸಲಿಲ್ಲ. ಕೈಯಲ್ಲಿದ್ದ ಕಾಗದದ ಕಟ್ಟನ್ನೇ ಎತ್ತಿ ಬೀಸಿದಳು. ಅಣ್ಣ ತಲೆ ಎತ್ತಿ ನೋಡಿದ. ತಂಗಿಯನ್ನು ಕಂಡ, ಕಾಗದವನ್ನು ಕಂಡ, ಬೆನ್ನು ತಿರುಗಿಸಿದ.

ಫೋನು ನಿಂತಿತು. ನಿಂತದ್ದೇ ಹೆಚ್ಚು ಭಯಂಕರವಾಗಿತ್ತು.

ಬೀಗದ ಕೈ ಕೋರ್ಟಿನ ಬೀರುವಿನಲ್ಲಿತ್ತು. ದಡದಿಂದ ಎರಡು ಕೈಯಲ್ಲೂ ಹಿಡಿಯದಷ್ಟು ದೊಡ್ಡ ಕಲ್ಲನ್ನು ತಂದು, ತಾನೇ ಒತ್ತಿದ್ದ ಮುದ್ರೆಯ ಮೇಲೆ ಎತ್ತಿಹಾಕಿದಳು. ಅರಗು ಜಜ್ಜಿಹೋಯಿತು. ಬೀಗ ಜಗ್ಗಲಿಲ್ಲ. ಮತ್ತೆ ಹಾಕಿದಳು, ಮತ್ತೆ ಹಾಕಿದಳು. ಕೊನೆಗೆ ಬೀಗ ಹಾಗೇ ಉಳಿದು ಚಿಲಕವೇ ಕಿತ್ತು ಬಂತು. ಒಳಗೆ ನುಗ್ಗಿ ಸೈರನ್ನಿನ ಹಿಡಿಕೆ ಹಿಡಿದು ಮೈಭಾರವನ್ನೆಲ್ಲ ಹಾಕಿ ತಿರುಗಿಸಿದಳು. ತುಕ್ಕು ನರಳಿತು. ಆಮೇಲೆ ನಿಧಾನಕ್ಕೆ, ಹೊಟ್ಟೆಯಾಳದಿಂದ ಬಂದ ಹಾಗೆ, ಕೂಗು ಎದ್ದಿತು.

ಕಿಟಕಿಯ ಸರಳುಗಳ ನಡುವೆ ಅವಳಿಗೆ ಹೊಳೆ ಕಾಣುತ್ತಿತ್ತು. ಎಲ್ಲರೂ ತಲೆ ಎತ್ತಿದರು. ಅತ್ತಿಗೆ ಸೀರೆ ಎತ್ತಿ ಕಟ್ಟಿ, ಪಕ್ಕದವಳ ರಟ್ಟೆ ಹಿಡಿದು ದಡದತ್ತ ಓಡಿದಳು. ಇನ್ನೂ ನಾಲ್ಕೈದು ಜನ ಅವಳ ಹಿಂದೆ. ಅಣ್ಣ ಮಾತ್ರ ಎರಡೂ ಕೈ ಅಗಲಿಸಿ ಅಡ್ಡ ನಿಂತ. ಅವನ ಬಾಯಿ ಆಡುವುದು ಕಾಣುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಅವನು ಏನು ಹೇಳಿದನೆಂಬುದು ಅವಳಿಗೆ ಆಮೇಲೆ ಗೊತ್ತಾಯಿತು: "ನಿಲ್ರೋ! ಪೊಲೀಸರನ್ನ ಕರ್ಕೊಂಡು ಬಂದಿದಾಳೆ. ಪಂಪು ಬಿಟ್ಟು ಓಡ್ಲಿ ಅಂತ ಹೆದರಿಸ್ತಿದಾಳೆ. ಈ ಹೊತ್ತಲ್ಲಿ ನೀರೆಲ್ಲಿಂದ ಬರತ್ತೆ?" ದಡದತ್ತ ಹೊರಟಿದ್ದ ಮೇಸ್ತ್ರಿ, ಯಜಮಾನನ ಮಾತು ಕೇಳಿ, ನಕ್ಕು, ಬಿಟ್ಟ ಕೆಲಸಕ್ಕೆ ಮತ್ತೆ ಗುಂಡಿಗೆ ಇಳಿದ.

ನೀರು ಒಡ್ಡಿನ ಮೇಲೆ ಹಾದುಬಂದಾಗ ಅದರ ಮುಂಚೂಣಿಯಲ್ಲಿ ನೊರೆ ಇರಲಿಲ್ಲ. ಕಸ, ಒಣ ಎಲೆ, ರೆಂಬೆಗಳನ್ನು ತಳ್ಳಿಕೊಂಡು ಬಂದ ಕಂದು ಗೋಡೆ. ಹಕ್ಕಿಗಳು ಒಟ್ಟಿಗೆ ಎದ್ದವು. ಪಂಪುಗಳು ಒಂದರ ಹಿಂದೊಂದು ಸದ್ದು ನಿಲ್ಲಿಸಿದವು. ಅವಳು ಸೈರನ್ ತಿರುಗಿಸುತ್ತಲೇ ಇದ್ದಳು. ಯಾರೋ ಬಂದು ಕೈ ಬಿಡಿಸುವವರೆಗೂ ತಿರುಗಿಸುತ್ತಿದ್ದಳು.

ಅಣ್ಣನನ್ನು ಪಂಪಿನ ಕೊಳವೆ ಎರಡು ಬಂಡೆಗಳ ನಡುವೆ ಸಿಕ್ಕಿಸಿ ಉಳಿಸಿತು. ತೊಡೆಯ ಮೂಳೆ ಮುರಿದಿತ್ತು. ಅವನ ಮಾತು ಕೇಳಿ ನಿಂತಿದ್ದ ಇಬ್ಬರು ರೈತರು ಈಜಿ ಬಚಾವಾದರು. ಮೇಸ್ತ್ರಿ ಸಿಕ್ಕಿದ್ದು ಮಾರನೆಯ ದಿನ, ಊರಿನ ನೀರೆತ್ತುವ ಬಾವಿಗೆ ಹೊಳೆನೀರು ಹೊಗುವ ಬಾಯಿಗೆ ಕಟ್ಟಿದ ಕಬ್ಬಿಣದ ಜಾಲರಿಯಲ್ಲಿ. ಆ ದಿನ ಊರಿಗೆ ನೀರು ಬಿಡಲಿಲ್ಲ. ಬಿಟ್ಟ ಮೇಲೂ ಬಹಳ ಮನೆಗಳಲ್ಲಿ ಅದನ್ನು ಕುಡಿಯಲಿಲ್ಲ. ಕೆಲವು ದಿನ, ಅಷ್ಟೆ.

ರಜೆ ಮುಗಿದು ಕೋರ್ಟು ಶುರುವಾಯಿತು. ಮುದ್ರೆ ಒಡೆದ ತಪ್ಪಿಗೆ ಸಮನ್ಸಕ್ಕನನ್ನು ಅಮಾನತಿನಲ್ಲಿಟ್ಟರು. ಮೇಸ್ತ್ರಿಯ ಹೆಂಡತಿ ಕಂಪನಿಯ ಮೇಲೆ ಪರಿಹಾರದ ದಾವೆ ಹೂಡಿದಳು. ಎರಡೂ ಒಂದೇ ನ್ಯಾಯಾಧೀಶರ ಮುಂದೆ ಬಂದವು. ಕಂಪನಿಯ ವಕೀಲ ಎದ್ದು ನಿಂತು, ಎಲ್ಲರಿಗಿಂತ ಮೊದಲು ಅವಳನ್ನೇ ಹೊಗಳಿದ. ಈ ಹೆಣ್ಣುಮಗಳ ಸಮಯಪ್ರಜ್ಞೆ ದೊಡ್ಡದು ಎಂದ. ಸೆಕೆಗೆ ಮಧ್ಯಾಹ್ನವೇ ಕರೆಂಟಿಗೆ ಬೇಡಿಕೆ ಏರಿದ್ದರಿಂದ ನೀರು ಬಿಡುವ ಮುನ್ನ ಕಂಪನಿ ನಿಯಮದಂತೆ ಫೋನು ಮಾಡಿದೆ, ಫೋನು ಕೇಳಿ ಇವರು ಸೈರನ್ ಕೂಗಿಸಿದ್ದಾರೆ, ಎಚ್ಚರಿಕೆ ಕೇಳಿಯೂ ಹೊಳೆಯಲ್ಲಿ ನಿಂತವರು ತಮ್ಮ ಹೊಣೆಯಲ್ಲಿ ನಿಂತಿದ್ದಾರೆ ಎಂದ. ಅವಳು ಮಾಡಿದ ಒಂದೇ ಒಂದು ಒಳ್ಳೆಯ ಕೆಲಸವನ್ನು ಅವನು ಎತ್ತಿಕೊಂಡು ಕಂಪನಿಗೆ ಕೊಡೆ ಹಿಡಿದಿದ್ದ.

ಆ ಮಧ್ಯಾಹ್ನ ಕೋರ್ಟಿನ ಮೊಗಸಾಲೆಯಲ್ಲಿ ಮೇಸ್ತ್ರಿಯ ಹೆಂಡತಿ ಅವಳ ಪಕ್ಕ ಬಂದು ಕೂತಳು.

"ನಿಮ್ಮ ಮೇಲೆ ಸಿಟ್ಟಿಲ್ಲಕ್ಕ. ನೀವು ಮಾಡಿದ್ದು ಸರೀನೇ. ಆದ್ರೆ ನೀವು ಕೂಗಿಸ್ದೇ ಇದ್ದಿದ್ರೆ ಅವ್ರು ತಪ್ಪು ಒಪ್ಕೋಬೇಕಿತ್ತು. ಈಗ ನಮ್ಮೋರದೇ ತಪ್ಪಾಗಿದೆ."

ಜನರಿಗೆ ಕೋರ್ಟಿನ ಭಾಷೆಯನ್ನು ಬಿಡಿಸಿ ಹೇಳುವುದರಲ್ಲೇ ಬದುಕು ಕಳೆದವಳು ಸಮನ್ಸಕ್ಕ. ಈ ಹೆಂಗಸು ಅದನ್ನು ತಾನೇ ಬಿಡಿಸಿಕೊಂಡು ಬಂದಿದ್ದಳು.

ಎಲ್ಲವೂ ಅಣ್ಣನ ಸಾಕ್ಷಿಯ ಮೇಲೆ ನಿಂತಿತು. ಸೈರನ್ ಕೇಳಲಿಲ್ಲ ಎಂದರೆ ಮೇಸ್ತ್ರಿಯ ಹೆಂಡತಿಗೆ ನ್ಯಾಯ ಸಿಗುತ್ತಿತ್ತು, ಅವನ ಮೇಲಿನ ಹೊರೆಯೂ ಇಳಿಯುತ್ತಿತ್ತು. ಆದರೆ ತಂಗಿ ಯಾವ ಕಾರಣಕ್ಕೆ ಮುದ್ರೆ ಒಡೆದಳೆಂಬ ಪ್ರಶ್ನೆಗೆ ಉತ್ತರ ಉಳಿಯುತ್ತಿರಲಿಲ್ಲ. ಕೇಳಿತು ಎಂದರೆ ತಂಗಿ ಉಳಿಯುತ್ತಿದ್ದಳು, ಕಂಪನಿಯೂ ಉಳಿಯುತ್ತಿತ್ತು. ಅವನು ಸಾಕ್ಷಿ ಹೇಳುವ ಹಿಂದಿನ ದಿನ ಅತ್ತಿಗೆ ಬಂದು ಹೋಗಿದ್ದಳು. "ಏನು ಹೇಳ್ತಾರೋ ನನಗೂ ಗೊತ್ತಿಲ್ಲ ಕಣೆ. ಗೋಡೆ ಕಡೆ ಮುಖ ಮಾಡ್ಕೊಂಡು ಮಲಗಿರ್ತಾರೆ. ಊಟಕ್ಕೆ ಎಬ್ಬಿಸಿದ್ರೆ, ಮೇಸ್ತ್ರಿ ಉಂಡನಾ ಅಂತಾರೆ."

ಅಣ್ಣ ಊರುಗೋಲು ಹಿಡಿದು ಕಟಕಟೆ ಹತ್ತಿದ. ಕಂಪನಿಯ ವಕೀಲ ಕೇಳಿದ, "ಸೈರನ್ ಕೇಳಿಸ್ತಾ?"

ಅಣ್ಣ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡಿದ.

"ಕೇಳಿಸ್ತು. ಚೆನ್ನಾಗಿ ಕೇಳಿಸ್ತು. ಮೇಸ್ತ್ರಿಗೂ ಕೇಳಿಸ್ತು, ಹೊರಟಿದ್ದ. ನಾನೇ ನಿಲ್ಲಿಸ್ದೆ."

"ಯಾಕೆ ನಿಲ್ಲಿಸಿದ್ರಿ?"

"ತಂಗಿ ಕಾಗದ ತಂದಿದಾಳೆ ಅಂದ್ಕೊಂಡೆ." ಊರುಗೋಲನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡ. "ತಂದಿದ್ಲು ಕೂಡ."

ಮೇಸ್ತ್ರಿಯ ಹೆಂಡತಿ ಎದ್ದು ಹೊರಗೆ ಹೋದಳು. ಅವಳ ದಾವೆ ವಜಾ ಆಯಿತು. ಸಮನ್ಸಕ್ಕನಿಗೆ ಎಚ್ಚರಿಕೆ ಕೊಟ್ಟು ಕೆಲಸಕ್ಕೆ ತೆಗೆದುಕೊಂಡರು, ಆದರೆ ಮುದ್ರೆಯ ಚೀಲವನ್ನು ಹಿಂದಕ್ಕೆ ಪಡೆದು ನಕಲು ವಿಭಾಗಕ್ಕೆ ಹಾಕಿದರು. ಅಣ್ಣ ಅವಳ ಮನೆಗೆ ಬರಲಿಲ್ಲ, ಅವಳೂ ಹೋಗಲಿಲ್ಲ. ಹೋದರೆ ಯಾರು ಯಾರಿಗೆ ಏನು ಹೇಳಬೇಕೆಂದು ಇಬ್ಬರಿಗೂ ತಿಳಿದಿರಲಿಲ್ಲ. ಅತ್ತಿಗೆ ಮಾತ್ರ ಆಗಾಗ ಹೊಲದ ಸೊಪ್ಪು ತಂದು ಬಾಗಿಲಲ್ಲಿಟ್ಟು ಹೋಗುತ್ತಾಳೆ.

ಮಧ್ಯಂತರ ಆದೇಶ ಅಂತಿಮ ಆದೇಶವಾಯಿತು. ಮೊದಲು ಕುಡಿಯುವ ನೀರು, ಆಮೇಲೆ ಬೇಸಾಯ, ಕೊನೆಗೆ ವಿದ್ಯುತ್ತು. ಸೈರನ್ನನ್ನು ಕಂಪನಿಯ ವಶಕ್ಕೆ ಕೊಡಬೇಕೆಂಬ ಒಂದು ಸಾಲು ಹೆಚ್ಚಾಗಿ ಸೇರಿತು. ಹೊತ್ತಿನ ಬಗ್ಗೆ ಏನೂ ಸೇರಲಿಲ್ಲ. ಕಡುಬೇಸಿಗೆಯಲ್ಲಿ ಮೂರು ಕಡೆಯವರಿಗೂ ನ್ಯಾಯ ಹಂಚಿದ ಮಾದರಿ ತೀರ್ಪೆಂದು ಅದಕ್ಕೆ ಹೆಸರು ಬಂತು. ಬೇರೆ ಬೇರೆ ಹೊಳೆಗಳ ವ್ಯಾಜ್ಯ ನಡೆಸುವ ವಕೀಲರು ಅದರ ನಕಲಿಗಾಗಿ ದೂರದಿಂದ ಬರತೊಡಗಿದರು.

ನಕಲು ವಿಭಾಗ ಕೋರ್ಟಿನ ಹಿಂಬದಿಯ ಕೋಣೆ. ಕಿಟಕಿ ಒಂದೇ, ಅದೂ ಗೋಡೆಗೆ ತೆರೆದುಕೊಳ್ಳುತ್ತದೆ. ಮೊನ್ನೆ ಒಬ್ಬ ವಕೀಲ ಬಂದಿದ್ದ. ಅವನ ಕಡೆಯ ಹೊಳೆಗೂ ಈ ವರ್ಷ ಹೊಸ ಪವರ್‌ಹೌಸು ಬಂದಿದೆಯಂತೆ. ಸಮನ್ಸಕ್ಕ ಪ್ರತಿ ಹಾಳೆಗೂ ಠಸ್ಸೆ ಹಾಕಿ, ಜೋಡಿಸಿ, ದಾರ ಕಟ್ಟಿದಳು. ಕೊಡುವ ಮುನ್ನ ಕೇಳಿದಳು:

"ನಿಮ್ಮ ಹೊಳೇಲಿ ಹಗಲು ಹೊತ್ತು ಜನ ಇಳೀತಾರಾ ಸಾರ್?"

"ಇಳೀತಾರೆ ಅನ್ಸತ್ತೆ. ಯಾಕಮ್ಮ?"

ಅವಳು ಹೇಳತೊಡಗಿದಳು. ಫೋನಿನ ವಿಷಯ ಬರುವಷ್ಟರಲ್ಲಿ ಅವನು ಗಡಿಯಾರ ನೋಡಿಕೊಂಡ. ಬಸ್ಸಿಗೆ ಹೊತ್ತಾಯಿತು ಎಂದು, ಕಟ್ಟನ್ನು ಬಗಲಿಗೆ ಸೇರಿಸಿ, ಥ್ಯಾಂಕ್ಸ್ ಹೇಳಿ ಹೊರಟ. ಅವಳು ಮೆಟ್ಟಿಲವರೆಗೂ ಅವನ ಹಿಂದೆಯೇ ಹೇಳುತ್ತ ಹೋದಳು.